ಶಾದ್ಲಿ ಹಿಡಿದ ಮದುವೆ ಮೀನು

ಶಾದ್ಲಿ ಹುಟ್ಟಿನಿಂದಲೂ ಮಾತು ಕಮ್ಮಿ. ಕಡಲ ತಡಿಯ ಸ್ಫಾಕ್ಸ್ ಊರಿನ ಅಂಚೆ ಕಚೇರಿಯಲ್ಲಿ ಹದಿನೈದು ವರ್ಷದಿಂದ ಕಾಗದಗಳ ಮೇಲೆ ಮೊಹರು ಹೊಡೆಯುತ್ತ ಕೂತವನ ಬಾಯಿಂದ ಜನ ಕೇಳಿದ್ದು ಹೆಚ್ಚೆಂದರೆ "ಮುಂದಿನವರು ಬನ್ನಿ" ಅನ್ನುವ ಮಾತು. ಅಂಥವನು ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ, ತನ್ನದೇ ಮದುವೆ ಊಟದಲ್ಲಿ, ಇನ್ನೂರು ಜನರೆದುರು ಬಾಯಿಬಿಟ್ಟ. ಪೇಚಾಟ ಶುರುವಾದದ್ದೇ ಅಲ್ಲಿಂದ.

ನಮ್ಮಲ್ಲಿ ಮದುವೆ ಮುಗಿದ ಮೇಲೆ ಮೀನಿನ ದಿನ ಅಂತ ಒಂದಿರುತ್ತದೆ. ಗಂಡಿನ ಕಡೆಯವರು ಎರಡು ದೊಡ್ಡ ಮೀನು ತರುತ್ತಾರೆ. ನೆಂಟರೆಲ್ಲ ಸುತ್ತ ನಿಂತು ಗದ್ದಲ ಮಾಡುತ್ತಿರುವಾಗ ಮದುಮಗ ಒಂದನ್ನು, ಮದುಮಗಳು ಒಂದನ್ನು ಕತ್ತರಿಸಬೇಕು. ಮೊದಲು ಕತ್ತರಿಸಿದವರ ಮಾತೇ ಮುಂದೆ ಆ ಮನೆಯಲ್ಲಿ ನಡೆಯುವುದು. ಎಲ್ಲರೂ ಇದನ್ನು ತಮಾಷೆ ಅನ್ನುತ್ತಾರೆ, ಆದರೆ ಯಾರು ಗೆದ್ದರೆಂಬುದನ್ನು ನಲವತ್ತು ವರ್ಷ ಕಳೆದರೂ ಯಾರೂ ಮರೆಯುವುದಿಲ್ಲ. ಮೀನನ್ನೇನೋ ಎಲ್ಲರೂ ತರುವುದು ಪೇಟೆಯಿಂದಲೇ.

ಮದುವೆ ಊಟದಲ್ಲಿ ಶಾದ್ಲಿಯ ಅತ್ತೆ ಮನ್ನೂಬಿಯಾ ಅದೇ ಮಾತು ತೆಗೆದಳು. ಆಕೆ ಸ್ಪಂಜು ತೆಗೆಯುವ ಹಡಗಿನ ಕಪ್ತಾನನ ವಿಧವೆ. ದನಿ ಎತ್ತಿದರೆ ಬಂದರಿನ ಆಚೆ ದಡದವರೂ ತಿರುಗಿ ನೋಡಬೇಕು.

"ಈಗಿನ ಗಂಡಸರಿಗೆ ಮೀನು ಅಂದ್ರೆ ಪೇಟೆ ಅಂಗಡೀಲಿ ಹುಟ್ಟೋದು! ನಮ್ಮ ಯಜಮಾನ್ರು ನನ್ನ ಮದುವೆ ಮೀನನ್ನ ಸಮುದ್ರದಿಂದ ಸ್ವಂತ ಕೈಯಲ್ಲಿ ಎಳೆದು ತಂದಿದ್ರು. ಅಂಥ ಗಂಡಸರ ಕಾಲ ಮುಗೀತು ಬಿಡಿ."

"ನಾನೂ ತರ್ತೀನಿ," ಅಂದ ಶಾದ್ಲಿ.

ಡೋಲು ಬಡಿಯುವವನ ಕೈ ಗಾಳಿಯಲ್ಲೇ ನಿಂತಿತು. ಇನ್ನೂರು ಜನರೂ ತುತ್ತು ಬಿಟ್ಟು ಈ ಕಡೆ ತಿರುಗಿದರು. ಮಾತು ತನ್ನ ಬಾಯಿಂದಲೇ ಬಂದದ್ದೆಂದು ಶಾದ್ಲಿಗೆ ತಿಳಿದದ್ದು ಆಮೇಲೆ.

"ನೀನಾ?" ಮನ್ನೂಬಿಯಾ ಅವನನ್ನು ಅಡಿಯಿಂದ ಮುಡಿಯವರೆಗೆ ಅಳೆದು ನೋಡಿದಳು. "ಸರಿಯಪ್ಪ. ಇಷ್ಟು ಜನರ ಮುಂದೆ ಹೇಳ್ತಿದೀನಿ, ಕೇಳ್ಕೋ. ಮೀನಿನ ದಿನ ನೀನೇ ಹಿಡಿದ ಮೀನು ತಂದ್ರೆ ನಾನು ಗಾಬೆಸ್‌ಗೆ ಮಗನ ಮನೆಗೆ ಹೊರಟುಬಿಡ್ತೀನಿ, ನಿನ್ನ ಹೊಸಿಲು ತುಳಿಯಲ್ಲ. ತರದಿದ್ರೆ ಅವತ್ತು ಸಂಜೇನೇ ನನ್ನ ಟ್ರಂಕು ನಿನ್ನ ಮನೇಲಿ ಇಳಿಯುತ್ತೆ. ನನ್ನ ಮಗಳಿಗೆ ಸಂಸಾರ ಕಲಿಸೋಕೆ ಒಂದೆರಡು ವರ್ಷನಾದ್ರೂ ಬೇಕು."

ಶಾದ್ಲಿಯ ಮನೆಯಲ್ಲಿದ್ದದ್ದು ಎರಡೇ ಕೋಣೆ. ಮದುವೆಯ ತಯಾರಿಯೆಂದು ಆ ಮನೆಗೆ ಮೂರು ದಿನ ಬಂದು ಹೋಗಿದ್ದ ಅತ್ತೆ ಅಷ್ಟರಲ್ಲೇ ಅವನ ಬೀರು ಬರಿದು ಮಾಡಿ ಮತ್ತೆ ಜೋಡಿಸಿದ್ದಳು, ಹನ್ನೆರಡು ವರ್ಷ ತಲೆಗಿಟ್ಟುಕೊಂಡಿದ್ದ ದಿಂಬನ್ನು ಬೀದಿಗೆಸೆದಿದ್ದಳು, ಷೂ ಲೇಸು ಕಟ್ಟುವುದು ಹೇಗೆಂದು ಮಂಡಿಯೂರಿ ಕೂತು ಕಲಿಸಿದ್ದಳು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಅಂಗಳ ತೊಳೆಯದವರನ್ನು ಆಕೆ ಮನುಷ್ಯರ ಲೆಕ್ಕಕ್ಕೇ ಸೇರಿಸುತ್ತಿರಲಿಲ್ಲ. ಅಂಥವಳ ಜೊತೆ ಎರಡು ವರ್ಷ!

ಹೀಗಾಗಿ ಮೀನಿನ ದಿನ ಸೂರ್ಯ ಹುಟ್ಟುವ ಮೊದಲೇ ಅವನು ಸಮುದ್ರದೊಳಕ್ಕೆ ಚಾಚಿದ ಕಲ್ಲಿನ ಧಕ್ಕೆಯ ಮೇಲೆ ಗಾಳದ ಕೋಲು ಹಿಡಿದು ನಿಂತಿದ್ದ. ಜೊತೆಗೆ ಅವನ ಬಾಲ್ಯದ ಗೆಳೆಯ, ಕ್ಷೌರಿಕ ಬುರಾವಿ. ವಾರಕ್ಕೊಂದು ದಿನ ಇಬ್ಬರೂ ಇಲ್ಲಿಗೆ ಬರುವುದು ಹತ್ತು ವರ್ಷದ ರೂಢಿ. ಬುರಾವಿ ಬುಟ್ಟಿ ತುಂಬಿಸಿಕೊಂಡು ಹೋಗುತ್ತಿದ್ದ. ಶಾದ್ಲಿಗೆ ಇದುವರೆಗೆ ಸಿಕ್ಕಿದ್ದರಲ್ಲಿ ಅತಿ ದೊಡ್ಡದು ಅಂಗೈಯಗಲದ್ದು, ಅದೂ ತಾನಾಗಿ ಜಾರಿ ನೀರಿಗೆ ಬಿದ್ದಿತ್ತು.

"ಮದುವೇಲಿ ಎಲ್ಲಾದಕ್ಕೂ ನನ್ನ ಕೇಳಿದೆ. ಸೂಟು ಕೇಳಿದೆ, ಮೀಸೆ ಕೇಳಿದೆ. ಒಂದನ್ನ ಕೇಳ್ಲಿಲ್ಲ ನೋಡು," ಅಂದ ಬುರಾವಿ, ಗಾಳಕ್ಕೆ ಎರೆ ಸಿಕ್ಕಿಸುತ್ತ.

"ಏನನ್ನ?"

"ಬಾಯಿ ಬಿಡ್ಲಾ ಬೇಡ್ವಾ ಅಂತ."

ಶಾದ್ಲಿ ನೀರಿನ ಕಡೆ ತಿರುಗಿದ. ಉಬ್ಬರ ಏರುತ್ತಿತ್ತು. ರಾತ್ರಿಯೆಲ್ಲ ಬರಿದಾಗಿದ್ದ ಕೆಸರಿನ ಬಯಲಿನ ಮೇಲೆ ನೀರು ಸದ್ದಿಲ್ಲದೆ ಹರಡಿಕೊಂಡು ಬಂದು, ಓರೆಯಾಗಿ ಮಲಗಿದ್ದ ದೋಣಿಗಳನ್ನು ಒಂದೊಂದಾಗಿ ಎತ್ತಿ ನಿಲ್ಲಿಸುತ್ತಿತ್ತು. ಹತ್ತು ವರ್ಷ ನೋಡಿದರೂ ಅವನಿಗೆ ಇದು ಹಳತಾಗಿರಲಿಲ್ಲ. ಇಷ್ಟು ನೀರು ಎಲ್ಲಿಗೆ ಹೋಗುತ್ತದೆ, ಯಾರು ಕರೆದರೆಂದು ವಾಪಸು ಬರುತ್ತದೆ? ನಿಜ ಹೇಳಬೇಕೆಂದರೆ ಅವನು ಮೀನಿಗಾಗಿ ಬರುತ್ತಲೇ ಇರಲಿಲ್ಲ. ಇದನ್ನು ನೋಡುತ್ತ ತೆಪ್ಪಗೆ ಕೂರುವುದಕ್ಕೇ ಬರುತ್ತಿದ್ದ.

"ಬಂದ್ಯಾ ಮದುಮಗನೇ?" ಹಿಂದಿನಿಂದ ದನಿ ಕೇಳಿತು. ಹಾಜಿ ಮಿಫ್ತಾಹ್ ಮಡಚುವ ಕುರ್ಚಿ ಹೊತ್ತು ಬರುತ್ತಿದ್ದ. ಎಂಬತ್ತರ ಮುದುಕ, ಮನ್ನೂಬಿಯಾಳ ದೂರದ ಚಿಕ್ಕಪ್ಪ. ಕುರ್ಚಿಯನ್ನು ಶಾದ್ಲಿಯ ಬೆನ್ನಿಗೇ ತಾಗಿಸಿ ಹಾಕಿ ಕೂತ. "ಮನ್ನೂಬಿಯಾ ಸಾಕ್ಷಿಗೆ ಅಂತ ಕಳಿಸಿದಾಳಪ್ಪ. ಕೋಲು, ದಾರ, ಮೀನು, ಈ ಮೂರಕ್ಕೂ ಬೇರೆಯವರ ಬೆರಳು ತಾಗಿದ್ರೂ ಲೆಕ್ಕಕ್ಕಿಲ್ಲ ಅಂದಿದಾಳೆ. ಮಧ್ಯಾಹ್ನ ಮೂರಕ್ಕೆ ನೆಂಟರು ಸೇರ್ತಾರೆ. ನಡೀಲಿ ನಿನ್ನ ಕೆಲಸ."

ಶಾದ್ಲಿ ಬಿಸ್ಮಿಲ್ಲಾ ಅಂದು ಕೋಲನ್ನು ಹಿಂದಕ್ಕೆ ಬೀಸಿ ಮುಂದಕ್ಕೆ ಎಸೆದ. ಗಾಳ ದೂರ ಹೋಗಿ ಬಿತ್ತು. ಅದರ ಜೊತೆ ಹಾಜಿಯ ಕೆಂಪು ಟೋಪಿಯೂ ಹೋಗಿ ಬಿತ್ತು.

"ಅಯ್ಯಯ್ಯೋ! ಹಜ್ ಯಾತ್ರೆಗೆ ಹಾಕ್ಕೊಂಡು ಹೋಗಿದ್ದ ಟೋಪಿ ಕಣೋ!"

"ತಪ್ಪಾಯ್ತು ಹಾಜಿಯೋರೇ, ಈಗ್ಲೇ ಎಳೀತೀನಿ."

"ನಿಧಾನ! ನಿಧಾನ ಎಳಿ, ಹರಿದೀತು!"

ಟೋಪಿ ನೀರು ಕುಡಿದು ಎರಡರಷ್ಟಾಗಿ ಮೇಲೆ ಬಂತು. ಹಾಜಿ ಅದನ್ನು ಹಿಂಡಿ, ಬೋಳುತಲೆಯ ಮೇಲೆ ಹಾಗೇ ಒದ್ದೆಯಾಗಿ ಇಟ್ಟುಕೊಂಡು, "ಇದು ಲೆಕ್ಕಕ್ಕಿಲ್ಲ," ಅಂದ.

ಅಷ್ಟರಲ್ಲಿ ನಿವೃತ್ತ ಗಣಿತದ ಮೇಷ್ಟ್ರು ಸೀ ತಿಜಾನಿ ಪ್ರತ್ಯಕ್ಷರಾದರು. ಧಕ್ಕೆಯಲ್ಲಿ ಯಾರು ಗಾಳ ಹಾಕಿದರೂ ಅವರಿಗೊಂದು ಅಭಿಪ್ರಾಯವಿರುತ್ತಿತ್ತು, ತಾವು ಮಾತ್ರ ಜನ್ಮದಲ್ಲಿ ಗಾಳ ಮುಟ್ಟಿದವರಲ್ಲ. "ನಲವತ್ತೈದು ಡಿಗ್ರೀಲಿ ಎಸೀಬೇಕಪ್ಪ. ನೀನು ತೊಂಬತ್ತಕ್ಕೆ ಎಸೆದ್ರೆ ಮುದುಕರ ಟೋಪಿ ಬಿಟ್ಟು ಇನ್ನೇನು ಸಿಕ್ಕತ್ತೆ?"

ಶಾದ್ಲಿ ನಲವತ್ತೈದಕ್ಕೆ ಎಸೆದ. ಈ ಸಲ ಗಾಳ ಭಾರವಾಯಿತು. ಬುರಾವಿ ಎದ್ದು ನಿಂತ, ಹಾಜಿ ಎದ್ದು ನಿಂತ. ಅರ್ಧ ಗಂಟೆ ಏದುಸಿರು ಬಿಡುತ್ತ ಎಳೆದಾಗ ಮೇಲೆ ಬಂದದ್ದು ಒಂದು ಮಣ್ಣಿನ ಗಡಿಗೆ. ಒಳಗಿಂದ ಆಕ್ಟೋಪಸ್ ಒಂದು ಕೈ ಹೊರಗೆ ಚಾಚಿ, ಏನು ಸಮಾಚಾರ ಅನ್ನುವ ಹಾಗೆ ಅವನ ಮಣಿಕಟ್ಟು ಹಿಡಿದುಕೊಂಡಿತು.

"ಬಿಡೋ ನನ್ನ ಗಡಿಗೆ! ಕಳ್ಳ ನನ್ಮಗನೇ!" ಕೆಳಗೆ ದೋಣಿಯಲ್ಲಿದ್ದವನೊಬ್ಬ ಹುಟ್ಟು ಎತ್ತಿ ಕೂಗಿದ. ಆಕ್ಟೋಪಸ್ ಹಿಡಿಯಲು ತಳದಲ್ಲಿ ಸಾಲಾಗಿ ಕಟ್ಟಿಟ್ಟ ಗಡಿಗೆಗಳಲ್ಲಿ ಅದೊಂದು. "ಹಗಲುಹೊತ್ತಲ್ಲೇ ಎತ್ತುತ್ತಾನೆ, ನಾಚಿಕೆ ಬೇಡ್ವಾ!"

"ಮದುಮಗ ಕಣಣ್ಣಾ, ಕ್ಷಮಿಸಿಬಿಡು," ಅಂದ ಬುರಾವಿ.

"ಮದುಮಗನಾದ್ರೆ ಅವನ ಗಡಿಗೆ ಅವನು ಎತ್ತಲಿ!"

ಗಡಿಗೆ ವಾಪಸು ಹೋಯಿತು. ಆಕ್ಟೋಪಸ್ಸನ್ನು ಮಣಿಕಟ್ಟಿನಿಂದ ಬಿಡಿಸಲು ಮಾತ್ರ ಕಾಲು ಗಂಟೆ ಹಿಡಿಯಿತು. ಅಷ್ಟರಲ್ಲಿ ಸುದ್ದಿ ಊರಿಗೆ ಮುಟ್ಟಿ ಜನ ಒಬ್ಬೊಬ್ಬರಾಗಿ ಬಂದು ಜಮಾಯಿಸಿದರು. ಪ್ರತಿಯೊಬ್ಬನ ಬಳಿಯೂ ಒಂದೊಂದು ಬುದ್ಧಿಮಾತು. ಎರೆಗೆ ಸೀಗಡಿ ಹಾಕು ಅಂದ ಒಬ್ಬ, ಸೀಗಡಿ ಹಾಕಿದ ಮೇಲೆ ಹುಳ ಹಾಕಬೇಕಿತ್ತು ಅಂದ ಇನ್ನೊಬ್ಬ. ಮದುವೆಗೆಂದು ಕೈಗೆ ಹಚ್ಚಿದ ಗೋರಂಟಿಯ ಕೆಂಪು ಕಂಡೇ ಮೀನು ಓಡುತ್ತಿವೆ ಅಂತ ಮತ್ತೊಬ್ಬ ಹೇಳಿದ್ದಕ್ಕೆ ಶಾದ್ಲಿ ಬಲಗೈಗೆ ಕಾಲುಚೀಲ ಹಾಕಿಕೊಂಡ. ಹತ್ತಾಯಿತು, ಹನ್ನೊಂದಾಯಿತು. ಪಕ್ಕದಲ್ಲಿ ಬುರಾವಿಗೆ ಮಾತ್ರ ಒಂದರ ಹಿಂದೊಂದು ಮೀನು ಸಿಗುತ್ತಲೇ ಇದ್ದವು. ಗೆಳೆಯನ ಮುಖ ನೋಡಲಾರದೆ ಪಾಪ ಅವನು ಹಿಡಿದದ್ದನ್ನೆಲ್ಲ ಕದ್ದುಮುಚ್ಚಿ ಬುಟ್ಟಿಗೆ ಹಾಕುತ್ತಿದ್ದ.

"ಲೋ," ಅಂತ ಪಿಸುಗುಟ್ಟಿದ ಬುರಾವಿ, "ಪೇಟೆಯಿಂದ ಒಂದು ದೊಡ್ಡದು ತಂದು ದಾರಕ್ಕೆ..."

"ಕೇಳಿಸ್ತು," ಅಂದ ಹಾಜಿ.

ಹನ್ನೆರಡೂವರೆಗೆ ಜನಕ್ಕೆ ಹಸಿವಾಯಿತು. ಗುಂಪು ಚೆದುರಿತು. ಮೇಷ್ಟ್ರು ಊಟಕ್ಕೆ ಹೋದರು. ಹಾಜಿ ಒದ್ದೆ ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಂಡು ತೂಕಡಿಸತೊಡಗಿದ. ಶಾದ್ಲಿ ಕಾಲುಚೀಲ ಕಿತ್ತೆಸೆದ. ಬುರಾವಿಯ ಡಬ್ಬಿಯಲ್ಲಿ ಉಳಿದಿದ್ದ ಒಂದೇ ಒಂದು ಏಡಿಯನ್ನು ಗಾಳಕ್ಕೆ ಸಿಕ್ಕಿಸಿ, ಎಸೆಯುವ ಗೋಜಿಗೂ ಹೋಗದೆ ಧಕ್ಕೆಯ ಬುಡಕ್ಕೇ ಇಳಿಬಿಟ್ಟು ಕೂತ. ಬೆಳಿಗ್ಗೆ ಹೊರಡುವಾಗ ಹೆಂಡತಿ ಬಹೀಜಾ ಕಟ್ಟಿಕೊಟ್ಟಿದ್ದ, ಹರೀಸಾ ಖಾರ ಸವರಿದ ರೊಟ್ಟಿ ಬಿಚ್ಚಿದ. "ಹಿಡ್ಕೊಂಡೇ ಬರ್ತೀರಿ, ನನಗೊತ್ತು," ಅಂದಿದ್ದಳು ಅವಳು, ಕೆನ್ನೆಯಲ್ಲಿ ಗುಳಿ ಬೀಳುವ ಹಾಗೆ ನಕ್ಕು. ಅದನ್ನು ನೆನೆದು ಅವನು ರೊಟ್ಟಿಯನ್ನು ಹಾಗೇ ಮಡಚಿಟ್ಟ.

"ಹೋಗ್ಲಿ ಬಿಡೋ," ಅಂದ ಬುರಾವಿ. "ಎರಡು ವರ್ಷ ಹೇಗೋ ಕಳೆಯುತ್ತೆ. ವಾರಕ್ಕೊಂದಿನ ಇಲ್ಲಿರ್ತೀಯಲ್ಲ."

"ಹೌದು ಕಣೋ. ಇದೊಂದಿದೆ," ಅಂದ ಶಾದ್ಲಿ ಸಮುದ್ರ ನೋಡುತ್ತ.

ಅಷ್ಟು ಹೇಳಿ ಬಾಯಿ ಮುಚ್ಚುವುದರೊಳಗೆ ಕೋಲು ಅವನ ಕೈಯಿಂದ ಹಾರಿತು.

ಹೊಟ್ಟೆಯಡಿಯಾಗಿ ಬಿದ್ದು ಹೇಗೋ ಅದರ ಬುಡ ಹಿಡಿದುಕೊಂಡ. ರೀಲಿನಿಂದ ದಾರ ಕಿರ್ರೆಂದು ಓಡುತ್ತಿತ್ತು. ಹಾಜಿ ಬೆಚ್ಚಿ ಎದ್ದ. "ಯಾರೂ ಮುಟ್ಟಬೇಡಿ! ಯಾರೂ ಮುಟ್ಟಬೇಡಿ!"

"ಬಂಡೆಗೆ ಸಿಕ್ಕಿದೆ," ಅಂದ ಕೆಳಗೆ ದೋಣಿಯಲ್ಲಿದ್ದವನು.

"ಬಂಡೆ ಓಡುತ್ತೇನಯ್ಯಾ?" ಅಂದ ಬುರಾವಿ. ಅವನ ದನಿ ಅವನಿಗೇ ಗುರುತು ಸಿಗದಷ್ಟು ಬದಲಾಗಿತ್ತು. "ಶಾದ್ಲಿ, ಎಳೀಬೇಡ. ಹೋಗ್ಲಿ ಬಿಡು. ಅದು ದಣಿಯೋವರೆಗೂ ಸುಮ್ನೆ ಹಿಡ್ಕೊಂಡಿರು."

ಸುಮ್ಮನೆ ಹಿಡಿದುಕೊಂಡಿರುವುದು ಶಾದ್ಲಿಗೆ ಜೀವನದಲ್ಲಿ ಚೆನ್ನಾಗಿ ಬರುತ್ತಿದ್ದ ಒಂದೇ ವಿದ್ಯೆ. ಹಿಡಿದುಕೊಂಡ. ಆಚೆ ತುದಿಯಲ್ಲಿ, ಕಣ್ಣಿಗೆ ಕಾಣದ ಹಸಿರು ಕತ್ತಲಲ್ಲಿ, ಯಾವುದೋ ಜೀವ ತಲೆ ಕೊಡವುತ್ತಿತ್ತು. ಅದರ ಒಂದೊಂದು ಕೊಡವುವಿಕೆಯೂ ದಾರದಲ್ಲಿ ಹತ್ತಿ ಬಂದು ಅವನ ಮೊಣಕೈ, ಭುಜ, ಹಲ್ಲುಗಳವರೆಗೆ ಮುಟ್ಟುತ್ತಿತ್ತು. ಹದಿನೈದು ವರ್ಷದ ಮೊಹರಿನ ಕೆಲಸದಲ್ಲಿ ಯಾರೂ ಅವನನ್ನು ಹೀಗೆ ಕೈ ಹಿಡಿದು ಮಾತಾಡಿಸಿರಲಿಲ್ಲ. ಹೋಗಿದ್ದ ಜನರೆಲ್ಲ ತಿರುಗಿ ಬಂದರು, ಆದರೆ ಈ ಸಲ ಯಾರೂ ಬುದ್ಧಿ ಹೇಳಲಿಲ್ಲ. ಊಟ ಬಿಟ್ಟು ಓಡಿಬಂದ ಮೇಷ್ಟ್ರು ಕೂಡ ಬಾಯಿ ತೆರೆದವರು ಹಾಗೇ ಮುಚ್ಚಿಕೊಂಡರು. ಧಕ್ಕೆಯ ಮೇಲೆ ಕೇಳುತ್ತಿದ್ದದ್ದು ರೀಲಿನ ಸದ್ದೊಂದೇ.

ಮುಕ್ಕಾಲು ಗಂಟೆಯ ಮೇಲೆ ನೀರಿನ ಮೇಲ್ಗಡೆ ಒಂದು ಬೆನ್ನು ಕಂಡಿತು. ಆಮೇಲೆ ಅದು ಪಕ್ಕಕ್ಕೆ ಹೊರಳಿತು.

"ವರಾಟಾ!" ಹಾಜಿಯ ದನಿ ಸಣ್ಣಗಾಯಿತು. "ಯಾ ಅಲ್ಲಾ... ಇಷ್ಟು ದೊಡ್ಡ ವರಾಟಾ ಮೀನು ನಾನು ಹುಡುಗನಾಗಿದ್ದಾಗ ಒಂದೇ ಸಲ ನೋಡಿದ್ದು."

ಬೆಳ್ಳಿಯ ಮೈ. ಎರಡು ಕಣ್ಣುಗಳ ನಡುವೆ ಹಣೆಗೆ ಅಡ್ಡಲಾಗಿ ಬಂಗಾರದ ಪಟ್ಟಿ. ಯಾವುದೋ ಕಾಲದ ರಾಜ, ಸಿಂಹಾಸನ ಹೋದರೂ ಕಿರೀಟ ಬಿಡದೆ ಈ ಗಾಬೆಸ್ ಕೊಲ್ಲಿಯ ತಳದಲ್ಲಿ ಓಡಾಡಿಕೊಂಡಿದ್ದ ಹಾಗಿತ್ತು. ಪೇಟೆಯಲ್ಲಿ ಸಿಗುವ ವರಾಟಾಗಳೆಲ್ಲ ಇದರ ಮೊಮ್ಮಕ್ಕಳು.

"ಬಲೆ ತರ್ಲಾ?" ಅಂದ ಬುರಾವಿ.

"ಬಲೆ ಹಿಡಿಯೋ ಕೈ ಯಾರದು?" ಹಾಜಿ ಕೇಳಿದ. ಎಲ್ಲರೂ ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರು ಬಹಳ ಸಂಕಟದಿಂದ, "ನಿಯಮದ ಪ್ರಕಾರ... ಲೆಕ್ಕಕ್ಕೆ ಬರಲ್ಲ," ಅಂದರು.

ಆಗ ಶಾದ್ಲಿ ಕೋಲು ಹಿಡಿದುಕೊಂಡೇ ಧಕ್ಕೆಯ ಪಾಚಿಗಟ್ಟಿದ ಮೆಟ್ಟಿಲು ಇಳಿದ. ಮದುವೆಯ ಹೊಸ ಷೂ ಮೊದಲ ಮೆಟ್ಟಿಲಲ್ಲೇ ಜಾರಿ ಒಂದು ತೇಲಿಹೋಯಿತು. ಕೊನೆಯ ಮೆಟ್ಟಿಲಿಂದ ಅವನೂ ಜಾರಿ ಸೊಂಟದ ಮಟ್ಟ ನೀರಿಗೆ ಬಿದ್ದ. ಎದ್ದಾಗ ಮೀನು ಅವನ ಎದೆಗೇ ಬಂದು ನಿಂತಿತ್ತು. ಅವನು ಎರಡೂ ತೋಳು ಚಾಚಿ ಅದನ್ನು ಅಪ್ಪಿಕೊಂಡ. ಅದು ಒದ್ದಾಡಲಿಲ್ಲ. ಒಂದು ಕಣ್ಣಿಂದ ಅವನನ್ನೇ ನೋಡಿತು. ಅಷ್ಟು ಹತ್ತಿರದಿಂದ, ಅಷ್ಟು ಹೊತ್ತು, ಶಾಂತವಾಗಿ ಅವನನ್ನು ಯಾರೂ ನೋಡಿರಲಿಲ್ಲ. ಶಾದ್ಲಿಗೆ ಅಳು ಬಂತು, ಯಾಕೆಂದು ಅವನಿಗೇ ತಿಳಿಯಲಿಲ್ಲ.

ಮೇಲಿಂದ ಜಯಘೋಷ ಎದ್ದಿತು. "ಎಂಥಾ ಮೀನು!" ಅಂತ ಒಬ್ಬ ಕೂಗಿದ್ದೇ ತಡ, ಹಾಜಿ ಗಾಬರಿಯಾದ. "ದೃಷ್ಟಿ ಬಿದ್ದೀತು ಕಣ್ರೋ! ‘ಮೀನು ನಿನ್ನ ಮೇಲಿರಲಿ’ ಅನ್ನಿ!" ನಮ್ಮಲ್ಲಿ ಯಾರನ್ನಾದರೂ ಹೊಗಳಿದಾಗ ದೃಷ್ಟಿ ತಾಗದಿರಲೆಂದು ಅನ್ನುವ ಮಾತು ಅದು. ಆದರೆ ಮೀನನ್ನೇ ಹೊಗಳಿದಾಗ ಏನನ್ನಬೇಕು? ಇದರ ಮೇಲೆ ಇರಬಲ್ಲ ಮೀನು ಯಾವುದಿದೆ? ಯಾರಿಗೂ ಹೊಳೆಯಲಿಲ್ಲ.

ಪೇಟೆಯ ತಕ್ಕಡಿಯಲ್ಲಿ ಏಳು ಕಿಲೋ ಮೇಲೆ ಬಂತು. ಬಹೀಜಾಳ ಪಾಲಿಗೆಂದು ಅಲ್ಲೇ ಒಂದು ಕಿಲೋದ ಸಾಧಾರಣ ಮೀನು ಕೊಂಡುಕೊಂಡರು. ಮೂರಕ್ಕೆ ಹತ್ತು ನಿಮಿಷವಿರುವಾಗ ಕೈಗಾಡಿಯ ಮೇಲೆ ಮೀನು, ಪಕ್ಕದಲ್ಲಿ ಒಂದೇ ಷೂ ಹಾಕಿಕೊಂಡ ಮದುಮಗ, ಹಿಂದೆ ಅರ್ಧ ಊರು. ಮನ್ನೂಬಿಯಾ ತನ್ನ ಮನೆಯ ಅಂಗಳದ ನಡುವೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಪಕ್ಕದಲ್ಲೇ ಹಗ್ಗ ಬಿಗಿದ ಟ್ರಂಕು.

"ಸಾಕ್ಷಿ ಹೇಳ್ತೀನಿ," ಅಂದ ಹಾಜಿ. "ಒಂದು ಬೆರಳೂ ಬೇರೆಯವರದು ತಾಗಿಲ್ಲ. ಕುರಾನಿನ ಮೇಲೆ ಬೇಕಾದ್ರೂ ಕೈ ಇಡ್ತೀನಿ."

ಮನ್ನೂಬಿಯಾ ಗಾಡಿಯ ಬಳಿ ಬಂದಳು. ಮೀನು ನೋಡಿದಳು. ಅದರ ಹಣೆಯ ಬಂಗಾರದ ಮೇಲೆ ಅಂಗೈಯಿಟ್ಟಳು. ಆಕೆಯ ಬಾಯಿಂದ ಮಾತು ಹೊರಡದ್ದನ್ನು ಆ ಬೀದಿಯವರು ಅವತ್ತೇ ಮೊದಲು ಕಂಡದ್ದು. ಕಣ್ಣಿಂದ ನೀರು ಧಾರಾಕಾರ ಇಳಿಯಿತು.

"ನಮ್ಮ ಯಜಮಾನ್ರು ತಂದಿದ್ದೂ ಇಷ್ಟು ದೊಡ್ಡದಿರ್ಲಿಲ್ಲ," ಅಂದಳು ಕೊನೆಗೆ. "ಅಳಿಯಾ, ಗೆದ್ದೆ ಕಣಪ್ಪ. ಆಡಿದ ಮಾತಿಗೆ ತಪ್ಪೋಳಲ್ಲ ನಾನು. ಸಂಜೆ ಬಸ್ಸಿಗೆ ಗಾಬೆಸ್."

ಶಾದ್ಲಿಗೆ ಗಾಳಿಯಲ್ಲಿ ನಡೆದ ಹಾಗಾಯಿತು. ಬುರಾವಿ ಅವನ ಬೆನ್ನಿಗೆ ಗುದ್ದಿದ. ಹೆಂಗಸರು ಯೂಯೂ ಎಂದು ಹರ್ಷದ ಕೂಗೆಬ್ಬಿಸಿದರು. ಎರಡು ಮಣೆ ಬಂದವು, ಎರಡು ಚೂರಿ ಬಂದವು. ಒಂದು ಮಣೆಯ ಮೇಲೆ ಬಹೀಜಾಳ ಮೀನು. ಇನ್ನೊಂದರ ಮೇಲೆ ಶಾದ್ಲಿಯದು, ತಲೆ ಬಾಲ ಎರಡೂ ಮಣೆಯಾಚೆ ಚಾಚಿಕೊಂಡು.

"ಹೂಂ, ಶುರು!" ಅಂದಳು ಯಾರೋ ಅತ್ತಿಗೆ.

ಶಾದ್ಲಿ ಚೂರಿ ಎತ್ತಿದ. ಮೀನು ಅದೇ ಕಣ್ಣಿಂದ ಅವನನ್ನು ನೋಡುತ್ತಿತ್ತು. ಬಂಗಾರದ ಪಟ್ಟಿ ಸ್ವಲ್ಪ ಮಾಸಿತ್ತು, ಆದರೂ ಹೊಳೆಯುತ್ತಿತ್ತು. ಮುಕ್ಕಾಲು ಗಂಟೆ ತನ್ನ ಕೈ ಹಿಡಿದುಕೊಂಡು ಮಾತಾಡಿದ ಜೀವ. ಇದರ ಕುತ್ತಿಗೆಗೆ ಚೂರಿ ಇಡುವುದೇ?

"ಹಾಕೋ!" ಅಂತ ಬುರಾವಿ ಅರಚಿದ. "ಕತ್ತರಿಸೋ ಮಾರಾಯಾ! ಏನ್ ನೋಡ್ತಾ ನಿಂತೆ?"

"ಮೂವತ್ತು ಡಿಗ್ರಿ ಓರೆಯಾಗಿ!" ಅಂತ ಮೇಷ್ಟ್ರು ಕೂಗಿದರು.

ಕೈ ಇಳಿಯಲೇ ಇಲ್ಲ. ಪಕ್ಕದಿಂದ ಟಕ್, ಟಕ್, ಟಕ್ ಎಂದು ಮೂರು ಸದ್ದು ಕೇಳಿಸಿತು. ತಿರುಗಿ ನೋಡಿದರೆ ಬಹೀಜಾ ತನ್ನ ಮೀನನ್ನು ನಾಲ್ಕು ತುಂಡು ಮಾಡಿ ಚೂರಿ ಒರೆಸಿಕೊಳ್ಳುತ್ತಿದ್ದಳು. ಅಂಗಳ ಹಾರಿಹೋಗುವ ಹಾಗೆ ಯೂಯೂ ಎದ್ದಿತು.

"ಗೆದ್ದಳು! ಮದುಮಗಳು ಗೆದ್ದಳು! ಹೇಳಮ್ಮಾ ಯಜಮಾನಿ, ನಿನ್ನ ಮನೇಲಿ ಮೊದಲನೇ ಅಪ್ಪಣೆ ಏನು?"

ಬಹೀಜಾ ಗಂಡನ ಕಡೆ ನೋಡಿದಳು. ಎತ್ತಿದ ಚೂರಿ ಹಾಗೇ ಹಿಡಿದು ನಿಂತಿದ್ದ ಅವನನ್ನು ಕಂಡು ಅವಳ ಕೆನ್ನೆಯಲ್ಲಿ ಗುಳಿ ಬಿತ್ತು. "ಇವರು ಎಷ್ಟು ಮೆದು ಮನಸ್ಸಿನೋರು ಅಂತ ನನಗೀಗ ಗೊತ್ತಾಯ್ತು," ಅಂದಳು. "ಇಂಥೋರನ್ನ ನಾನೊಬ್ಬಳೇ ನೋಡ್ಕೊಳ್ಳೋಕಾಗಲ್ಲ. ಅಮ್ಮ ಗಾಬೆಸ್‌ಗೆ ಹೋಗೋದು ಬೇಡ. ನಮ್ಮ ಜೊತೇಲೇ ಇರಲಿ."

"ಅಯ್ಯೋ, ನಾನು ಮಾತು ಕೊಟ್ಟಿದೀನಲ್ಲೇ," ಅಂದಳು ಮನ್ನೂಬಿಯಾ. ಆದರೆ ಆಕೆಯ ಕೈ ಆಗಲೇ ಟ್ರಂಕಿನ ಹಗ್ಗ ಬಿಚ್ಚುತ್ತಿತ್ತು. "ಏನ್ಮಾಡೋದು, ಯಜಮಾನಿ ಮಾತು ಮೀರೋಕಾಗತ್ತಾ?"

ಮೂವರು ಸೇರಿ ಟ್ರಂಕನ್ನು ಆ ಕೈಗಾಡಿಗೇ ಏರಿಸಿದರು. ಮನ್ನೂಬಿಯಾ ಅಳಿಯನ ಮುಷ್ಟಿಯಿಂದ ಚೂರಿ ಬಿಡಿಸಿಕೊಂಡು, ಬಿಸ್ಮಿಲ್ಲಾ ಅಂದು ಐದೇ ಏಟಿಗೆ ವರಾಟಾವನ್ನು ತುಂಡು ಮಾಡಿ ಮುಗಿಸಿದಳು. ಶಾದ್ಲಿ ಮುಖ ತಿರುಗಿಸಿಕೊಂಡ. ಬುರಾವಿ ಮೆಲ್ಲಗೆ ಅವನ ಪಕ್ಕ ಬಂದು ನಿಂತ.

"ಹೋಗ್ಲಿ ಬಿಡೋ," ಅಂತ ಪಿಸುಗುಟ್ಟಿದ. "ಧಕ್ಕೆ ಎಲ್ಲೂ ಓಡಿಹೋಗಲ್ಲ."

"ಏನು, ಧಕ್ಕೆ ಅಂದ್ಯಾ?" ಮನ್ನೂಬಿಯಾ ತಲೆಯೆತ್ತಿದಳು. ಆಕೆಯ ಕಣ್ಣು ಇನ್ನೂ ಒದ್ದೆಯಾಗಿ ಹೊಳೆಯುತ್ತಿತ್ತು. "ಅಳಿಯಾ, ಇಂಥ ಕೈಗುಣ ಇರೋನು ವಾರಕ್ಕೊಂದು ದಿನ ಹೋಗೋದಾ? ನಾಳೆಯಿಂದ ದಿನಾ ಕಚೇರಿಗೆ ಮುಂಚೆ ನಾನೂ ಬರ್ತೀನಿ ನಿನ್ನ ಜೊತೆ. ಕೋಲು ಹಿಡಿಯೋದು ಹೇಗೆ ಅಂತ ಕಲಿಸ್ತೀನಿ. ಬುರಾವಿ, ನಿನ್ನ ಜಾಗ ನನಗೆ ಬಿಟ್ಟು ನೀನು ಆ ಕಡೆ ಕೂತ್ಕೋ. ನಾಲ್ಕಕ್ಕೆ ಎಬ್ಬಿಸ್ತೀನಿ ಶಾದ್ಲಿ, ಇವತ್ತು ಬೇಗ ಮಲಗು."